ಪಾಟಿನ ಮೇಷ್ಟ್ರ ಹೊಟ್ಟಿನ ಕೋಣೆ

ಸದ್ದು ಕಂಡರೆ ಆಗದ ಮನುಷ್ಯ ಕೋಲಾರದ ಚಿನ್ನದ ಗಣಿಯಲ್ಲಿ ಬಂದು ಸಂಸಾರ ಹೂಡುವುದೆಂದರೆ ಖಾರ ತಿನ್ನದವನು ಆಂಧ್ರದ ಮನೆಗೆ ಅಳಿಯನಾಗಿ ಹೋದ ಹಾಗೆ. ನಮ್ಮ ಪಾಟಿನ ಮೇಷ್ಟ್ರು ಮಾಡಿಕೊಂಡಿದ್ದು ಅದನ್ನೇ.

ಅವರು ನಮ್ಮ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ತಮಿಳಿನವರಿಗೆ ಹಾಡು ಎಂದರೆ ಪಾಟು. ನಮ್ಮ ಕಡೆ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಅವರು ಪಾಟಿನ ಮೇಷ್ಟ್ರಾದರು, ನಾನು ಲೆಕ್ಕದ ಮೇಷ್ಟ್ರಾದೆ. ಅಪ್ಪ ಅಮ್ಮ ಇಟ್ಟ ಹೆಸರುಗಳು ಸಂಬಳದ ದಿನ ಸಹಿ ಹಾಕುವುದಕ್ಕೆ ಬಿಟ್ಟರೆ ಬೇರೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಗಣಿಯ ಊರಿನ ಸದ್ದನ್ನು ಕೇಳದವರಿಗೆ ಅದನ್ನು ಹೇಗೆ ಹೇಳಲಿ? ಅದಿರು ಕುಟ್ಟುವ ಮಿಲ್ಲು ಹಗಲಿರುಳೂ ಧಡಧಡ ಎನ್ನುತ್ತಿತ್ತು. ಶಾಫ್ಟಿನ ನೆತ್ತಿಯ ಮೇಲಿನ ದೊಡ್ಡ ಗಾಲಿ ಜನರನ್ನು ಪಾತಾಳಕ್ಕೆ ಇಳಿಸುವಾಗಲೂ ಮೇಲೆತ್ತುವಾಗಲೂ ಅದರ ಇಂಜಿನ್ನು ಗುಂಯ್ ಎಂದು ಗುನುಗುತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಸಂಗು ಕೂಗುತ್ತಿತ್ತು. ಸೈರನ್ನಿಗೆ ಅಲ್ಲಿ ಹಾಗೆನ್ನುವುದು. ನೆಲದಡಿ ಬಂಡೆ ಸಿಡಿಸಿದಾಗ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದಿಳಿಯುವವನು. ಮೊದಲ ವಾರ ತಲೆನೋವು ಬಂತು. ಆಮೇಲೆ ಮಿಲ್ಲಿದೆ ಎನ್ನುವುದೇ ಮರೆತುಹೋಯಿತು. ಎಲ್ಲರ ಕಥೆಯೂ ಹೀಗೇ. ಮೇಷ್ಟ್ರೊಬ್ಬರಿಗೆ ಮಾತ್ರ ಆ ಊರಲ್ಲಿ ಕೂದಲು ಹಣ್ಣಾದರೂ ಅದು ಮರೆಯಲಿಲ್ಲ.

“ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ. ಕಿವಿಗೆ ಒಂದು ಮುಚ್ಚಳ ಕೊಡೋದಕ್ಕೆ ಏನಾಗಿತ್ತು ಕಣ್ರೀ ಅವನಿಗೆ?” ಎಂದು ನಶ್ಯ ಏರಿಸಿಕೊಂಡು ಕೇಳುತ್ತಿದ್ದರು. ಏರಿಸಿದ ಮೇಲೆ ಅವರೇ ಮೂರು ಬೀದಿಗೆ ಕೇಳುವ ಹಾಗೆ ಸೀನುತ್ತಿದ್ದರು. ಅದು ಮಾತ್ರ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಾಮಸಮುದ್ರದ ಆಚೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಅಲ್ಲಿ ಮಧ್ಯಾಹ್ನ ಹೊಂಗೆಮರದ ಕೆಳಗೆ ಮಲಗಿದರೆ ಎತ್ತು ಮೆಲುಕು ಹಾಕುವುದು ಕೇಳಿಸುತ್ತಿತ್ತಂತೆ. ಶಾಲೆಯಲ್ಲಿ ಹೆಡ್‌ಮಾಸ್ತರು ಕಾಫಿಯನ್ನು ಸೊರ್ರೆಂದು ಹೀರುವಾಗ ಇವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ಹೆಡ್‌ಮಾಸ್ತರರಿಗೂ ಹಠ; ಇನ್ನಷ್ಟು ಜೋರಾಗಿ ಹೀರುತ್ತಿದ್ದರು. ಪ್ರಾರ್ಥನೆಯ ವೇಳೆ ಕಡೆಯ ಸಾಲಿನಲ್ಲಿ ಒಬ್ಬ ಹುಡುಗ ದನಿ ತಪ್ಪಿದರೂ ಮೇಷ್ಟ್ರ ಅಂಗೈ ಮೇಲೇಳುತ್ತಿತ್ತು, ಇಡೀ ಶಾಲೆ ಬಾಯಿ ಮುಚ್ಚುತ್ತಿತ್ತು. ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಆ ಹುಡುಗನ ಹತ್ತಿರ ಹೋಗಿ, ಹಾರ್ಮೋನಿಯಂ ಒತ್ತಿದ ಹಾಗೆ ಅವನ ನೆತ್ತಿಯ ಮೇಲೆ ಒಂದು ಬೆರಳಿಟ್ಟು, “ಇಲ್ಲಿಂದ ಎತ್ತು” ಎನ್ನುತ್ತಿದ್ದರು. ಎತ್ತುತ್ತಿದ್ದ ಕೂಡ. ನನ್ನ ಲೆಕ್ಕಕ್ಕೂ ಅಂಥದೊಂದು ಬೆರಳಿದ್ದರೆ ಎಂದು ನಾನು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಅವರ ಹೆಂಡತಿ ಗಣಿಯವರ ಮಗಳು. ನಂದಿದುರ್ಗ ಎನ್ನುವ ಗಣಿಯ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ಬಾಗಿಲಲ್ಲಿ ನಿಂತರೆ ಶಾಫ್ಟಿನ ಗಾಲಿ ಕಾಣುತ್ತಿತ್ತು. ದೂರದಲ್ಲೊಂದು ಬಾಡಿಗೆ ಮನೆ ಹಿಡಿಯೋಣವೆಂದು ಮೇಷ್ಟ್ರು ಬಹಳ ಸಲ ಹೇಳಿ ನೋಡಿದರಂತೆ. ಆಕೆ ಒಪ್ಪಲಿಲ್ಲ. “ಇಲ್ಲೇ ಉಟ್ಟಿದ್ದು, ಇಲ್ಲೇ ಇರ್ತೀನಿ. ಬೇಕಾದ್ರೆ ನೀವು ಓಗಿ ಆ ಒಂಗೆಮರದ ಕೆಳಗೆ ಮಲೀಕಳ್ಳಿ,” ಎಂದರಂತೆ. ಮಕ್ಕಳಿಲ್ಲದ ಮನೆ. ಇಬ್ಬರಿಗೂ ಜಗಳ ಆಡುವುದಕ್ಕೆ ಬೇಕಾದಷ್ಟು ಬಿಡುವಿತ್ತು.

ಆಕೆ ರಾಗಿ ಬೀಸುವಾಗ ಪದ ಹೇಳುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು. ತವರಿಗೆ ಹೊರಟ ತಂಗಿಯೊಬ್ಬಳು ದಾರಿಯಲ್ಲಿ ಸಿಕ್ಕ ಮರಗಿಡಗಳನ್ನೆಲ್ಲ ಮಾತಾಡಿಸುತ್ತ ಹೋಗುವ ಉದ್ದನೆಯ ಪದ. ಆಕೆಯ ಅವ್ವನಿಂದ ಬಂದದ್ದು. ಭಾನುವಾರ ನಾನು ಎಂದಾದರೂ ಅವರ ಮನೆಗೆ ಹೋದರೆ ಜಗಲಿಗೆ ಅದು ಕೇಳುತ್ತಿತ್ತು. ನನಗೆ ಸಂಗೀತದ ಗಂಧವಿಲ್ಲ. ಆದರೂ ಆ ದನಿ ಕೇಳಿದರೆ ಯಾಕೋ ನಮ್ಮ ಅಕ್ಕನನ್ನು ನೋಡಿಕೊಂಡು ಬರಬೇಕು ಅನ್ನಿಸುತ್ತಿತ್ತು. ಹಾಗೆಂದು ಒಮ್ಮೆ ಮೇಷ್ಟ್ರಿಗೆ ಹೇಳಿದೆ.

“ಅದು ಹಾಡಲ್ಲ ರೀ. ಕಲ್ಲಿನ ಜೊತೆ ಮಾತು. ಒಂದೊಂದು ಸಲ ಒಂದೊಂದು ಕಡೆಯಿಂದ ಎತ್ತುತಾಳೆ,” ಎಂದರು.

ಎಂದರು ಸರಿ. ಆದರೆ ಊರಿನ ಸಕಲ ಸದ್ದಿಗೂ ಮೇಲೇಳುತ್ತಿದ್ದ ಆ ಅಂಗೈ, ಅವರ ಅಡುಗೆಮನೆಯಿಂದ ಬರುತ್ತಿದ್ದ ಪದಕ್ಕೆ ಏಳುತ್ತಿರಲಿಲ್ಲ. ನಾನು ಇದನ್ನು ನೋಡಿದ್ದೆ, ಬಾಯಿ ಬಿಟ್ಟು ಹೇಳಲಿಲ್ಲ. ಗಂಡಹೆಂಡಿರ ನಡುವೆ ಲೆಕ್ಕದ ಮೇಷ್ಟ್ರಿಗೇನು ಕೆಲಸ?

ಆ ವರ್ಷಗಳಲ್ಲಿ ಗಣಿಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಹೋಗುವ ಮುಂಚೆ ಬಂಗಲೆಯ ಮುಂದೆ ಸಾಮಾನು ಹರಡಿ ಹರಾಜು ಹಾಕುತ್ತಿದ್ದರು. ಊರಿನವರು ಮಂಚಕ್ಕೆ, ಪಿಂಗಾಣಿ ಬಸಿಗೆ ಮುಗಿಬಿದ್ದರೆ, ಮೇಷ್ಟ್ರು ಒಂದು ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಟೇಪ್ ರೆಕಾರ್ಡರು. ಎರಡು ದೊಡ್ಡ ರೀಲುಗಳು, ಒಂದು ಮೈಕು. ಮಾತಾಡಿದರೆ ಹಿಡಿದುಕೊಂಡು ಮತ್ತೆ ಒಪ್ಪಿಸುತ್ತಿತ್ತು. ನಾನು ಅದರ ಮುಂದೆ ಹದಿನೇಳರ ಮಗ್ಗಿ ಹೇಳಿ, ಅದು ನನಗೇ ವಾಪಸು ಹೇಳಿದ್ದನ್ನು ಕೇಳಿ, ನನ್ನ ಹುಡುಗರು ಯಾಕೆ ತೂಕಡಿಸುತ್ತಾರೆಂದು ಅರ್ಥಮಾಡಿಕೊಂಡೆ. ಆ ಪೆಟ್ಟಿಗೆ ಬಹಳ ದಿನ ಬರಿಯ ಆಟದ ಸಾಮಾನಾಗಿಯೇ ಇತ್ತು.

ಆಮೇಲೆ ಆಕೆಯ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಮೊದಲು ನೆಲ್ಲಿಕಾಯಿಯಷ್ಟು. ನೋಡನೋಡುತ್ತ ನಿಂಬೆಹಣ್ಣಿನಷ್ಟಾಯಿತು. ಮದರಾಸಿಗೆ ಕರೆದುಕೊಂಡು ಹೋದರು. ಕುಯ್ಯದೆ ವಿಧಿಯಿಲ್ಲ, ಬಿಟ್ಟರೆ ಉಸಿರಿಗೇ ಅಡ್ಡ ಬರುತ್ತದೆ ಎಂದರು ಡಾಕ್ಟರು. ದನಿಯ ನರ ಆ ಗಂಟಿಗೇ ಅಂಟಿಕೊಂಡಂತಿದೆ, ಜೀವಕ್ಕೆ ಭಯವಿಲ್ಲ, ದನಿಗೆ ಮಾತು ಕೊಡಲಾರೆ ಎಂದೂ ನೇರವಾಗಿ ಹೇಳಿದರು. ದಸರೆ ಕಳೆದ ಮೇಲೆ ಬಂದು ಸೇರಿಕೊಳ್ಳಿ ಎಂದರು.

ಊರಿಗೆ ವಾಪಸಾದ ಮೇಷ್ಟ್ರು ಸಂಜೆ ಸ್ಟೇಷನ್ನಿನವರೆಗೂ ನನ್ನ ಜೊತೆ ನಡೆದು ಬಂದು, ರೈಲು ಹೊರಡುವಾಗ ಕಿಟಕಿಯ ಸರಳು ಹಿಡಿದು ಹೇಳಿದರು: “ದಸರೆಗೆ ಮುಂಚೆ ಅವಳ ಪದ ಹಿಡಿದಿಟ್ಟುಕೋಬೇಕು ರೀ. ಹೋದರೆ ಅದು ಮತ್ತೆ ಬರೋದಿಲ್ಲ.”

ಮಾರನೆಯ ದಿನವೇ ಹಿಡಿಯಲು ಕೂತರು. ಆಕೆ ಹೇಳಿದರು, ಪೆಟ್ಟಿಗೆ ಹಿಡಿಯಿತು. ಹಾಕಿ ಕೇಳಿದರೆ ಬರೀ ಮಿಲ್ಲು! ಧಡಧಡ ಧಡಧಡ. ಅದರೊಳಗೆಲ್ಲೋ, ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಕೂಗಿದ ಹಾಗೆ ಆಕೆಯ ದನಿ. ಅವತ್ತು ನಾನೂ ಇದ್ದೆ. ಎಷ್ಟೋ ವರ್ಷದ ಮೇಲೆ ನನಗೆ ಮಿಲ್ಲು ಕೇಳಿಸಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು.

ಅವರ ಹಳ್ಳಿಗೋ ನಮ್ಮ ಬಂಗಾರಪೇಟೆಗೋ ಹೋಗಿ ಹಿಡಿಯಬಹುದಲ್ಲ ಎಂದೆ. ಹಳ್ಳಿಯಲ್ಲಿ ಕರೆಂಟಿನದು ನೆಚ್ಚಿಕೆಯಿಲ್ಲ. ಬಂಗಾರಪೇಟೆಯಲ್ಲಿ ರೈಲಿನ ಶಂಟಿಂಗು. ಅದೂ ಅಲ್ಲದೆ ಮೇಷ್ಟ್ರ ತಲೆಗೆ ಆಗಲೇ ಹುಳ ಹೊಕ್ಕಾಗಿತ್ತು. “ನಿಮ್ಮ ಸ್ಟೇಷನ್ ಮುಂದೆ ಸೋಡಾ ಅಂಗಡಿಯಲ್ಲಿ ಮಂಜುಗಡ್ಡೆ ಯಾತರಲ್ಲಿ ಇಟ್ಟಿರ್ತಾರೆ?” ಎಂದು ಕೇಳಿದರು.

“ಭತ್ತದ ಹೊಟ್ಟಿನಲ್ಲಿ.”

“ಬಿಸಿಲನ್ನ ಒಳಗೆ ಬಿಡದೇ ಇರೋ ಹೊಟ್ಟು ಸದ್ದನ್ನ ಬಿಡತ್ತಾ?”

ಅಂದಿನಿಂದ ಬಂಗಾರಪೇಟೆಯ ಅಕ್ಕಿಗಿರಣಿಯಿಂದ ಹೊಟ್ಟಿನ ಮೂಟೆ ಹೊತ್ತು ರೈಲು ಹತ್ತುವ ಕೆಲಸ ನನಗೆ ಗಂಟುಬಿತ್ತು. ಎಮ್ಮೆ ಕಟ್ಟಿದ್ದೀರಾ ಮೇಷ್ಟ್ರೇ ಎಂದು ಡಬ್ಬಿಯವರೆಲ್ಲ ಕೇಳುವವರೇ. ಹೂಂ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಒಳಗಿನ ಚಿಕ್ಕ ಕೋಣೆಯನ್ನು ಮೇಷ್ಟ್ರು ಆರಿಸಿಕೊಂಡರು. ಗಣಿಯವರ ಗುಡಿಸಲುಗಳಿಗೆ ಹೆಣೆಯುವ ಬಿದಿರಿನ ತಟ್ಟಿ ತಂದು, ಗೋಡೆಯಿಂದ ಒಂದು ಮೊಳ ಈಚೆಗೆ ಎರಡನೆಯ ಗೋಡೆಯ ಹಾಗೆ ನಿಲ್ಲಿಸಿದರು. ನಡುವಿನ ಸಂದಿಗೆಲ್ಲ ಹೊಟ್ಟು ತುಂಬಿದರು. ತಟ್ಟಿಯ ಮೇಲೆ ಗೋಣಿಪಟ್ಟೆ ಬಡಿದರು. ಕಿಟಕಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದರು. ಸೂರಿಗೆ ಹಳೆಯ ಕಂಬಳಿಗಳು, ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಚಾಪೆ. ಬಾಗಿಲ ಹಿಂದೆ ಇನ್ನೊಂದು ಬಾಗಿಲು. ಕೈಯೆಲ್ಲ ಬಿದಿರಿನ ಸಿಬಿರು ಚುಚ್ಚಿ ಹಾರ್ಮೋನಿಯಂ ಮುಟ್ಟಲಾಗದ ಹಾಗೆ ಮಾಡಿಕೊಂಡರು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ನನ್ನ ಕುತ್ತಿಗೆ ಕುಯ್ಯೋಕೆ ಮುಂಚೆ ಈಯಪ್ಪ ನನ್ನ ಮನೇನೇ ಕುಯ್ದಾಕ್ತಾವ್ರೆ ನೋಡಿ ಲೆಕ್ಕದ ಮೇಷ್ಟ್ರೇ!” ಎಂದರು. ನಗುತ್ತಲೇ ಅಂದದ್ದು. ನಗುವಾಗ ಕೈ ಕತ್ತಿಗೆ ಹೋಗುತ್ತಿತ್ತು.

ಹೊರಗಿನ ಸದ್ದು ನಿಂತಿತು, ಒಳಗಿನದು ಶುರುವಾಯಿತು. ಹೊಟ್ಟಿನಲ್ಲಿ ಉಳಿದ ನುಚ್ಚಿಗೆ ಇಲಿಗಳು ಬಂದು ಗೋಡೆಯ ತುಂಬ ಕರಕರ. ಮೇಷ್ಟ್ರು ಒಂದು ಬೆಕ್ಕನ್ನು ತಂದು ಒಳಗೆ ಬಿಟ್ಟು ಬಾಗಿಲು ಹಾಕಿದರು. ತೆಗೆದು ನೋಡಿದರೆ ಕಂಬಳಿ, ಹುಲ್ಲು, ಬೆಚ್ಚಗಿನ ಕತ್ತಲೆ ಎಲ್ಲ ಒದಗಿಬಂದ ಬೆಕ್ಕು ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ಕೊನೆಗೆ ಬೇವಿನಸೊಪ್ಪೋ ಮೆಣಸಿನಕಾಯಿ ಹೊಗೆಯೋ ಏನೋ ಹಾಕಿ ಇಲಿಗಳನ್ನು ಓಡಿಸಿದರು.

ಚಿನ್ನದ ಊರಿನಲ್ಲಿ ಒಬ್ಬ ಮನುಷ್ಯ ಕಿಟಕಿಗೆ ಇಟ್ಟಿಗೆ ಇಟ್ಟು, ಬಾಗಿಲಿಗೆ ಬಾಗಿಲು ಸೇರಿಸಿ, ಮೂಟೆ ಮೂಟೆ ಏನನ್ನೋ ಒಳಗೆ ಸಾಗಿಸಿ, ಮೇಲೆ ಹೊಗೆಯನ್ನೂ ಹಾಕಿದರೆ ನೆರೆಹೊರೆಯವರು ಏನೆಂದುಕೊಳ್ಳಬೇಕು? ಕದ್ದ ಅದಿರನ್ನು ಕರಗಿಸುತ್ತಿದ್ದಾರೆ ಎಂದುಕೊಂಡರು. ಒಂದು ಮಧ್ಯಾಹ್ನ ಗಣಿಯ ಕಾವಲಿನವನು ಬಂದು ನಿಂತ.

“ಏನ್ ಸಾರ್, ಜನ್ನಲ್ ಎಲ್ಲಾ ಮುಚ್ಚಿಟ್ಟಿದೀರ, ಒಳಗೆ ಏನ್ ವೇಲೆ ನಡೀತದೆ?”

“ಹಾಡು ಹಿಡಿಯೋ ವೇಲೆ,” ಎಂದು ಮೇಷ್ಟ್ರು ಅವನ ತಮಿಳಿನಲ್ಲೇ ಕೆಲಸ ತಿಳಿಸಿದರು.

ಅವನು ನಂಬುತ್ತಾನೆಯೇ? ಕೈಯ ಸರಳಿನಿಂದ ತಟ್ಟಿಗೆ ಚುಚ್ಚಿದ. ಹೊಟ್ಟು ಜರ್ರನೆ ಸುರಿದು ಅವನ ಬೂಟು ಮುಚ್ಚಿತು. ಮುಷ್ಟಿಯಲ್ಲಿ ತೆಗೆದು, ಮೂಸಿ, ಊದಿ ನೋಡಿದ. ಮೇಷ್ಟ್ರು ಅವನನ್ನು ಒಳಗೆ ಕೂರಿಸಿ ಎರಡೂ ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿಗೇ ಅವನು ಬಾಗಿಲು ಬಡಿದು ಹೊರಗೆ ಬಂದ. ಹಣೆಯಲ್ಲಿ ಬೆವರು. “ವೇಣಾಂ ಸಾರ್, ಬೇಡ. ಅಲ್ಲಿ ಏನೂ ಕೇಳ್ಸಲ್ಲ,” ಎಂದು ಟೋಪಿ ಸರಿಮಾಡಿಕೊಂಡು ಹೊರಟುಹೋದ. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ವಾರವೆಲ್ಲ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಊರು ಅದಕ್ಕೆ ಹೊಟ್ಟಿನ ಕೋಣೆ ಎಂದು ಹೆಸರಿಟ್ಟಿತು.

ದಸರೆಯ ರಜ ಬಂತು. ಮದರಾಸಿಗೆ ಹೊರಡುವ ಹಿಂದಿನ ದಿನದ ಬೆಳಿಗ್ಗೆಯನ್ನು ಮೇಷ್ಟ್ರು ಗೊತ್ತುಮಾಡಿಕೊಂಡರು. ಬೀಸುವ ಕಲ್ಲನ್ನೂ ಒಳಗೆ ಸಾಗಿಸಿ, ಮೈಕನ್ನು ಎತ್ತರಿಸಿ ಕಟ್ಟಿದರು. ಬೀದಿಯ ಮಕ್ಕಳು ಬಂದು ಬಾಗಿಲು ಬಡಿಯದಂತೆ ನೋಡಿಕೊಳ್ಳಲು ನನ್ನನ್ನು ಜಗಲಿಗೆ ಹಾಕಿದರು. ಆಕೆ ತಲೆ ಬಾಚಿ, ಹೂ ಮುಡಿದು, ಮದುವೆಗೆ ಹೊರಟವರ ಹಾಗೆ ಒಳಗೆ ಹೋದರು. ಬಾಗಿಲುಗಳು ಮುಚ್ಚಿದವು.

ನಾನು ಇನ್ನೂ ಬೆನ್ನು ಗೋಡೆಗೆ ಒರಗಿಸಿರಲಿಲ್ಲ, ಆಕೆ ದಡಬಡ ಹೊರಗೆ ಬಂದರು. ನೇರ ತಲೆಬಾಗಿಲಿಗೆ ಹೋಗಿ ಶಾಫ್ಟಿನ ಕಡೆ ನೋಡಿದರು. ಗಾಲಿ ತಿರುಗುತ್ತಿತ್ತು. ಒಂದು ಉಸಿರು ಬಿಟ್ಟು ಒಳಗೆ ಹೋದರು. ಮತ್ತೆ ಬಾಗಿಲು ಮುಚ್ಚಿತು. ಮತ್ತೆ ಹೊರಗೆ ಬಂದರು, ಮತ್ತೆ ಗಾಲಿ ನೋಡಿದರು. ಮೂರನೆಯ ಸಲಕ್ಕೆ ಮೇಷ್ಟ್ರೂ ಹಿಂದೆಯೇ ಬಂದರು. ಶಾಲೆಯಲ್ಲಿ ಎಷ್ಟೇ ನಯವಾಗಿ ಮಾತಾಡಿದರೂ ಸಿಟ್ಟು ಬಂದರೆ ಅವರ ಬಾಯಿಗೆ ಕಾಮಸಮುದ್ರವೇ ಬರುತ್ತಿತ್ತು.

“ಏನ್ಲೇ ಇದು! ನಾಳೆ ಒಂಟೋಗ್ಬೇಕು, ಇವತ್ತೊಂದು ದಿನ ನೆಟ್ಟಗೆ ಕುಂತ್ಕೊಂಡು ಪದ ಏಳೋಕಾಗಲ್ವಾ?”

ಆಕೆ ಹೊಸಲಿನ ಮೇಲೆ ಕುಸಿದು ಕೂತರು. “ಆಗಲ್ಲ ಕಣ್ರೀ. ಬಾಗ್ಲಾಕಿದ್ ತಕ್ಷಣ ಎಲ್ಲಾ ನಿಂತೋಯ್ತದೆ. ನಮ್ಮಪ್ಪ ತೀರೋದ ದಿನಾನೂ ಇಂಗೇ ನಿಂತೋಗಿತ್ತು. ನಮ್ಮವ್ವ ಇದೇ ಕಲ್ಲ ಮುಂದೆ ಕುಂತು ಬೀಸ್ತಿದ್ಲು. ಗಾಲಿ ಸದ್ದು ನಿಂತ್ಕೊಂತು. ಅವ್ವ ಬೀಸೋದು ನಿಲ್ಸಿ ನನ್ನ ಮಕ ನೋಡಿದ್ಲು. ಆಮೇಲೆ ಇಬ್ರೂ ಓಡಿದ್ವಿ.” ಸೆರಗಿನಿಂದ ಮುಖ ಒತ್ತಿಕೊಂಡರು. “ಈ ಊರಾಗೆ ಸದ್ದು ಐತೆ ಅಂದ್ರೆ ಎಲ್ಲಾರೂ ಬದುಕವ್ರೆ ಅಂತ. ಅದು ನಿಂತ್ರೆ ನನ್ನ ಗಂಟಲಾಗೆ ಏನೂ ಬರಲ್ಲ. ಗಂಟಿಂದಲ್ಲ ಕಣ್ರೀ, ಇದು.”

ಮಾವ ಗಣಿಯಲ್ಲಿ ತೀರಿಕೊಂಡದ್ದು ಮೇಷ್ಟ್ರಿಗೆ ಗೊತ್ತಿತ್ತು. ಗಾಲಿಯ ಸದ್ದು ನಿಂತ ಕ್ಷಣ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ, ಒಬ್ಬರು ಯಾವ ಸದ್ದನ್ನು ಶಪಿಸುತ್ತ ಎದ್ದರೋ ಇನ್ನೊಬ್ಬರು ಅದನ್ನೇ ಕೇಳಿಸಿಕೊಂಡು ಸಮಾಧಾನದಿಂದ ಎದ್ದಿದ್ದರು. ನನಗೆ ಅವರನ್ನು ನೋಡಲಾಗದೆ ಬೀದಿಯ ಕಡೆ ತಿರುಗಿಕೊಂಡೆ.

ಆಮೇಲೆ ಧಡ್ ಎಂದು ಸದ್ದಾಯಿತು. ಹಿತ್ತಲಿನಿಂದ ಹಾರೆ ತಂದು ಮೇಷ್ಟ್ರು ತಾವೇ ಮುಚ್ಚಿದ ಕಿಟಕಿಗೆ ಹಾಕುತ್ತಿದ್ದರು. ಇಟ್ಟಿಗೆ ಉರುಳಿತು, ತಟ್ಟಿ ಹರಿಯಿತು, ಒಂದು ಗೋಡೆಯ ಹೊಟ್ಟೆಲ್ಲ ಕೋಣೆಯೊಳಗೆ ಸುರಿಯಿತು. ಮೇಷ್ಟ್ರ ತಲೆ, ಮೀಸೆ, ಮೂಗಿನ ಹೊಳ್ಳೆ ಎಲ್ಲ ಹೊಟ್ಟು. ಒಂದು ಸೀನು ಸೀನಿದರು ನೋಡಿ! ಅಳುತ್ತಿದ್ದ ಆಕೆ ನಕ್ಕುಬಿಟ್ಟರು. ಮುರಿದ ಕಿಟಕಿಯಿಂದ ಮಿಲ್ಲು, ಗಾಲಿ, ಬೀದಿಯ ಮಕ್ಕಳು, ಬಿಸಿಲು ಎಲ್ಲ ಒಟ್ಟಿಗೆ ಒಳಗೆ ಬಂದವು.

“ಈಗ ಪದ ಏಳು,” ಎಂದು ಮೇಷ್ಟ್ರು ಪೆಟ್ಟಿಗೆ ಶುರುಮಾಡಿದರು.

ಆಕೆ ಕಾಲಿನಿಂದ ಹೊಟ್ಟು ಸರಿಸಿ ಕಲ್ಲಿನ ಮುಂದೆ ಕೂತರು. ನಾನು ಜಗಲಿಯಲ್ಲೇ ಉಳಿದೆ. ಕಲ್ಲು ತಿರುಗಿದ್ದು ಕೇಳಿಸಿತು, ಆಮೇಲೆ ಪದ. ತಂಗಿ ತವರಿನ ದಾರಿಯ ಅಷ್ಟೂ ಮರಗಳನ್ನು ಮಾತಾಡಿಸಿಕೊಂಡು ಅಣ್ಣನ ಬಾಗಿಲು ಮುಟ್ಟುವವರೆಗೂ ಆಕೆ ಎಲ್ಲಿಯೂ ನಿಲ್ಲಿಸಲಿಲ್ಲ. ನಾನು ಮುಂದಿನ ಭಾನುವಾರ ಅಕ್ಕನ ಊರಿಗೆ ಹೋಗಿಬಂದೆ.

ಡಾಕ್ಟರು ಹೇಳಿದ್ದೇ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಗುಟ್ಟು ಹೇಳುವವರ ಹಾಗೆ ಬರೀ ಉಸಿರಿನಲ್ಲಿ ಮಾತಾಡುತ್ತಿದ್ದರು. ಮಿಲ್ಲಿನ ಸದ್ದಿನಲ್ಲಿ ಅದು ಕೇಳಬೇಕಾದರೆ ಹತ್ತಿರ ಹೋಗಿ ಬಾಗಬೇಕು. ಮೇಷ್ಟ್ರು ಬಾಗುತ್ತಿದ್ದರು. ಸಂತೆಯಲ್ಲಿ, ಬಸ್ಸಿನಲ್ಲಿ, ನೆಂಟರ ಮದುವೆಯಲ್ಲಿ ಎಲ್ಲಿ ನೋಡಿದರೂ ಆಕೆಯ ಬಾಯಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದರು. ಜನ ತಮಾಷೆ ಮಾಡಿದರು. ನನಗೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು.

ಆ ಟೇಪನ್ನು ಮಾತ್ರ ಅವರು ಹಾಕಲಿಲ್ಲ. ಯಾಕೆ ಎಂದು ಒಂದು ಸಲ ಕೇಳಿದೆ. “ಅವಳ ಮುಂದೆ ಹಾಕಿದರೆ ಅವಳಿಗೆ ಸಂಕಟ. ಅವಳಿಲ್ಲದಾಗ ಹಾಕಿದರೆ ಕಳ್ಳತನ,” ಎಂದರು. ರೀಲು ಪೆಟ್ಟಿಗೆಯಲ್ಲೇ ಉಳಿಯಿತು. ಅವರು ನಿವೃತ್ತರಾದರು. ಹೆಚ್ಚು ದಿನ ಉಳಿಯಲಿಲ್ಲ. ಅರವತ್ತರ ದಶಕ ಮುಗಿಯುವ ಮೊದಲೇ ಒಂದು ಜ್ವರದಲ್ಲಿ ಹೊರಟುಹೋದರು. ನನ್ನ ಜೊತೆ ಸ್ಟೇಷನ್ನಿನವರೆಗೂ ನಡೆದುಬರಲು ಆಮೇಲೆ ಯಾರೂ ಇರಲಿಲ್ಲ. ಆ ದಾರಿ ನನಗೆ ಇವತ್ತಿಗೂ ಬೇಸರ.

ತಿಥಿಯೆಲ್ಲ ಮುಗಿದ ಮೇಲೆ ಆಕೆಯನ್ನು ಮಾತಾಡಿಸಿಕೊಂಡು ಬರಲು ಹೋದೆ. ಕಾಫಿ ಕೊಟ್ಟು, ಪೆಟ್ಟಿಗೆಯನ್ನು ತಾವೇ ಎತ್ತಿ ತಂದು ನನ್ನ ಮುಂದಿಟ್ಟರು. ನಾನು ಬಾಗಿದೆ.

“ನಿಮಗೆ ತಿರುಗ್ಸೋದು ಗೊತ್ತಲ್ಲ ಲೆಕ್ಕದ ಮೇಷ್ಟ್ರೇ. ಆಕಿ.”

“ಬೇಡ ಬಿಡಿ ಅಕ್ಕಾ. ನಿಮಗೆ ಸಂಕಟ ಆಗತ್ತೆ.”

“ಆಕಿ,” ಎಂದರು.

ಹಾಕಿದೆ. ಮಿಲ್ಲು ಮೊದಲು ಬಂತು, ಆಮೇಲೆ ಕಲ್ಲು, ಆಮೇಲೆ ಆಕೆಯ ದನಿ. ನಾನು ತಲೆ ತಗ್ಗಿಸಿ ಕೂತಿದ್ದೆ. ಕದ್ದು ನೋಡಿದರೆ ಆಕೆಯ ಮುಖದಲ್ಲಿ ನಾನು ಹೆದರಿದ್ದೇನೂ ಇರಲಿಲ್ಲ. ಯಾರೋ ಪಕ್ಕದ ಮನೆಯವಳು ಹೇಳುತ್ತಿದ್ದಾಳೆ ಎನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಪದ ಮುಗಿಯಿತು. ಕಲ್ಲು ನಿಂತಿತು. ಆರಿಸೋಣವೆಂದು ಕೈ ಚಾಚಿದೆ. ಆಕೆ ನನ್ನ ಕೈ ತಡೆದರು.

ಮೇಷ್ಟ್ರು ಆವತ್ತು ಪೆಟ್ಟಿಗೆ ನಿಲ್ಲಿಸುವುದನ್ನು ಮರೆತಿದ್ದರು. ಹೊಟ್ಟಿನ ಮೇಲೆ ಹೆಜ್ಜೆ ಸರಿದ ಸದ್ದು. ಆಮೇಲೆ ಅವರ ಮಾತು, ಶಾಲೆಯ ಮಾತಲ್ಲ, ಹಳ್ಳಿಯದು, ನಾನೆಂದೂ ಕೇಳದಷ್ಟು ಮೆತ್ತಗೆ: “ಮೆಲ್ಲಕ್ಕೆ ಏಳಮ್ಮೀ. ಕಾಲು ಜೋಮು ಇಡ್ದಿರ್ತದೆ. ನನ್ನ ಕೈ ಇಡ್ಕ.”

ಟೇಪು ಅಲ್ಲಿಗೆ ಮುಗಿಯಿತು. ಖಾಲಿ ರೀಲು ಪಟಪಟ ಸುತ್ತುತ್ತಿತ್ತು.

“ಇಂದಕ್ಕೆ ತಿರುಗ್ಸಿ,” ಎಂದರು.

“ಪದದ ಮೊದಲಿಗಾ ಅಕ್ಕಾ?”

“ಪದ ಬ್ಯಾಡ.”

ನಾನು ಸ್ವಲ್ಪವೇ ಹಿಂದಕ್ಕೆ ತಿರುಗಿಸಿ ಹಾಕಿದೆ. ಮೇಷ್ಟ್ರು ಮತ್ತೆ ಮೆಲ್ಲಕ್ಕೆ ಏಳಮ್ಮೀ ಎಂದರು. ಆಕೆ ಪೆಟ್ಟಿಗೆಯ ಹತ್ತಿರ ಬಗ್ಗಿ, ಇದ್ದ ಉಸಿರಿನಲ್ಲೇ ಉತ್ತರ ಕೊಟ್ಟರು: “ಊಂ ಕಣ್ರೀ. ಎದ್ದೆ.”